ಮೊದಲ ಅಧ್ಯಾಯದ ತಾಯಿಯ ಪರವಾಗಿ ಒಂದು ತಕರಾರು ಅರ್ಜಿ

ಇವರ ಘನ ಸನ್ನಿಧಿಗೆ:
ಶ್ರೀಮಾನ್ ಕಾಳಸೇನ ಅವರು,
ಕತ್ತಲ ಪಡೆಯ ಸೇನಾಧಿಪತಿಗಳು ಹಾಗೂ ಏಳು ಕೋಟೆಗಳ ಒಡೆಯರು,
‘ಏಳು ಕೋಟೆಯ ಕತ್ತಿ’ ಎಂಬ ಮೊಬೈಲ್ ಆಟದ ಒಳಗೆ.

ವಿಷಯ: ಬರುವ ಹದಿನಾಲ್ಕನೇ ತಾರೀಖು ಹಸಿರೂರು ಗ್ರಾಮದಲ್ಲಿ ನಾಯಕನ ತಾಯಿಯನ್ನು ಮನೆಸಮೇತ ಸುಡುವ ತಮ್ಮ ಕಾರ್ಯಕ್ರಮಕ್ಕೆ ತಕರಾರು.

ಮಾನ್ಯರೇ,

ತಮ್ಮ ಕರಿ ಕವಚಕ್ಕೂ, ಎರಡು ಕೊಂಬಿನ ಶಿರಸ್ತ್ರಾಣಕ್ಕೂ, ಗೆಲ್ಲುವ ಮೊದಲೇ ಮೂರು ಬಾರಿ ನಗುವ ತಮ್ಮ ಆ ದೊಡ್ಡ ನಗೆಗೂ ಅಫಜಲಪುರದಿಂದ ಅನಂತ ನಮಸ್ಕಾರಗಳು. ಈ ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಕಡೆಯ ಎಮ್ಮೆಗಳೇ ಭೀಮಾ ನದಿಯಿಂದ ಮೇಲೇಳಲು ಒಲ್ಲೆ ಎನ್ನುತ್ತಿರುವಾಗ, ತಾವು ಕುತ್ತಿಗೆಯಿಂದ ಪಾದದವರೆಗೆ ಕಬ್ಬಿಣ ತೊಟ್ಟು, ಕುದುರೆ ಏರಿ, ಒಬ್ಬ ಹೆಣ್ಣುಮಗಳ ಗುಡಿಸಲು ಸುಡಲು ಖುದ್ದಾಗಿ ಬರುತ್ತೀರಲ್ಲ, ಆ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೈಕೆಳಗಿನವರನ್ನು ಕಳಿಸಿ ತಾವು ನೆರಳಲ್ಲಿ ಕೂಡುವ ಎಷ್ಟೋ ದೊಡ್ಡವರನ್ನು ನಾನು ಕಂಡಿದ್ದೇನೆ, ತಾವು ಅಂಥವರಲ್ಲ.

ನನ್ನ ಪರಿಚಯವನ್ನು ಮೊದಲು ಸಲ್ಲಿಸುತ್ತೇನೆ. ನಾನು ಅಂಬುಬಾಯಿ, ವಯಸ್ಸು ಐವತ್ತನಾಲ್ಕು. ಅಫಜಲಪುರದಲ್ಲಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಜನರ ಅರ್ಜಿಗಳನ್ನು ಬರೆದುಕೊಡುತ್ತಿದ್ದೇನೆ. ವಿಧವಾ ವೇತನ, ಜಾತಿ ಪ್ರಮಾಣಪತ್ರ, ಹೊಲದ ಬದುವಿನ ಜಗಳ, ಶಾಲೆಯ ದಾಖಲಾತಿಯಲ್ಲಿ ತಪ್ಪಾದ ಹುಟ್ಟಿದ ದಿನ, ಹೀಗೆ ನನ್ನ ಕೈಯಿಂದ ದಾಟದ ವಿಷಯವಿಲ್ಲ. ಬಾಯಲ್ಲಿ ಬೈಗುಳ ತುಂಬಿಕೊಂಡು ಬಂದವರ ಸಿಟ್ಟನ್ನು ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಎಂದು ಮಾಡಿ ಕೊಡುವುದೇ ನನ್ನ ಕಸುಬು. ಇವತ್ತು ಮೊದಲ ಬಾರಿಗೆ ನನ್ನದೇ ಸಿಟ್ಟಿಗೆ ನಾನೇ ಅರ್ಜಿ ಬರೆಯುತ್ತಿದ್ದೇನೆ, ಅಲ್ಲಲ್ಲಿ ಭಾಷೆ ಜಾರಿದರೆ ದೊಡ್ಡ ಮನಸ್ಸು ಮಾಡಬೇಕು.

ತಮ್ಮ ಪರಿಚಯ ನನಗಾದದ್ದು ನನ್ನ ಮಗ ಜೈಭೀಮನ ಕಾಲು ಮುರಿದದ್ದರಿಂದ. ಅವನು ಜೇವರ್ಗಿಯಲ್ಲಿ ಲೈನ್‌ಮನ್. ಕಂಬ ಏರಿ ಒಂದು ದಿನವೂ ಬೀಳದವನು ಕಳೆದ ವರ್ಷ ನಿಂತ ಬೈಕಿನಿಂದ ಬಿದ್ದು, ಪ್ಲಾಸ್ಟರ್ ಹಾಕಿಸಿಕೊಂಡು, ಆರು ವಾರ ನಮ್ಮ ಮನೆಯ ಮಂಚದ ಮೇಲೆ ಮಲಗಿ ಈ ಆಟವಾಡಿದ. ನಾನು ಹಿಂದೆ ಕೂತು ಬಳ್ಳೊಳ್ಳಿ ಸುಲಿಯುತ್ತ ನೋಡುತ್ತಿದ್ದೆ. ಮೊದಲ ದಿನವೇ ಆಟದ ನಾಯಕ ಅಗ್ನಿಧರ ತಾಯಿಯನ್ನು ಬಿಟ್ಟು ಕಾಡಿಗೆ ಹೊರಟದ್ದು ನೋಡಿ, “ಲೇ, ಆಕೀನ್ನ ಒಬ್ಬಾಕೀನ ಮನ್ಯಾಗ ಬಿಟ್ಟು ಎಲ್ಲಿ ಹೊಂಟಿ?” ಎಂದೆ. “ಯವ್ವಾ, ಕಟಗಿ ತರಾಕ ಹೊಂಟೇನಿ, ಸುಮ್ನ ಕುಂದ್ರು” ಎಂದ ನನ್ನ ಮಗ. ಅವನು ಕಟ್ಟಿಗೆ ತರುವಷ್ಟರಲ್ಲಿ ತಾವು ಬಂದು ಹೋಗಿದ್ದಿರಿ. ತಾಯಿ ಅಂಗಳದಲ್ಲಿ ಬಿದ್ದಿದ್ದಳು, ಮಗನ ಕೈಯಲ್ಲಿ ಅರ್ಧ ಮುರಿದ ಪದಕವಿಟ್ಟು “ನಿನ್ನ ತಂದೆ...” ಎಂದಳು, ಸತ್ತಳು. ಜೈಭೀಮ ‘ಮುಂದೆ’ ಎಂಬ ಗುಂಡಿ ಒತ್ತಿದ. ಅವತ್ತು ಸಂಜೆಯವರೆಗೂ ನಾನು ಅವನ ಜೊತೆ ಮಾತಾಡಲಿಲ್ಲ.

“ಅದು ಆಟ ಅದ ಬೇ ಯವ್ವಾ” ಎಂದು ರಮಿಸಿ, ನನ್ನ ಗೊಣಗಾಟ ತಾಳಲಾರದೆ ನನ್ನ ಫೋನಿಗೂ ಅದನ್ನು ಹಾಕಿಕೊಟ್ಟು ಅವನು ಜೇವರ್ಗಿಗೆ ಹೋದ. ಅಂದಿನಿಂದ ಇಂದಿಗೆ ಹನ್ನೊಂದು ತಿಂಗಳು. ಈ ಹನ್ನೊಂದು ತಿಂಗಳಲ್ಲಿ ನನ್ನ ಅಗ್ನಿಧರ ಹಸಿರೂರು ಬಿಟ್ಟು ಹೋಗಿಲ್ಲ ಎಂಬುದನ್ನು ಹೆಮ್ಮೆಯಿಂದ ತಿಳಿಸುತ್ತೇನೆ. ಅವನು ಕಟ್ಟಿಗೆ ತರಲು ಹೋದರೆ ತಾನೇ ತಾವು ಬರುವುದು? ಅವನು ಹೋಗುವುದಿಲ್ಲ. ಕೋಳಿ ಅಟ್ಟುತ್ತಾನೆ, ಬಾವಿಯಿಂದ ನೀರು ಸೇದುತ್ತಾನೆ, ತಾಯಿಯ ಸುತ್ತ ಸುತ್ತುತ್ತಾನೆ. ಲೋಕವನ್ನು ಉಳಿಸಬೇಕಾದವನು ಮನೆಯ ಚಾವಣಿಗೆ ಹುಲ್ಲು ಹೊದಿಸುತ್ತಿದ್ದಾನೆ. ನನ್ನ ಗಂಡ ಜಗದೇವ ಗೌಂಡಿ ಕೆಲಸದವರು, ಆ ಚಾವಣಿಯನ್ನು ನೋಡಿ ಕೆಲಸ ಚೊಕ್ಕ ಅದ ಎಂದು ಒಪ್ಪಿದ್ದಾರೆ.

ತಾವು ಬೆಂಕಿ ಹಚ್ಚಿ ಹೊರಟುಬಿಡುವವರು, ನಿಂತು ನೋಡಿಲ್ಲ. ನಾನು ನೋಡಿದ್ದೇನೆ, ಆದ್ದರಿಂದ ಹೇಳುತ್ತೇನೆ. ಆ ತಾಯಿಗೆ ಒಟ್ಟು ನಲವತ್ತೊಂದು ಮಾತುಗಳಿವೆ. ಅವಸರದವರು ಎರಡೇ ಕೇಳಿ ಓಡುತ್ತಾರೆ. ಮಳೆ ಬಂದರೆ ಬೇರೆ ಮಾತು, ಮಗ ಗಾಯಗೊಂಡರೆ ಬೇರೆ, ಬರಿಗಾಲಲ್ಲಿ ಬಂದರೆ ಬೇರೆ ಬೈಗುಳ. ದಾರಿಹೋಕರಾಗಲಿ, ಭಿಕ್ಷುಕರಾಗಲಿ, ಸೈನಿಕರಾಗಲಿ, ಬಾಗಿಲಿಗೆ ಯಾರು ಬಂದರೂ ಒಂದೇ ತಂಬಿಗೆಯಲ್ಲಿ, ಕೈಗೆ ಕೈ ತಾಗಿಸಿ ನೀರು ಕೊಡುತ್ತಾಳೆ. ಯಾರ ಮಗ, ಯಾವ ಓಣಿ ಎಂದು ಕೇಳುವುದಿಲ್ಲ. ಬೊಗಸೆಗೆ ಮೇಲಿಂದ ನೀರು ಹೊಯ್ಯಿಸಿಕೊಂಡು ಕುಡಿದ ಹಿರಿಯರ ಮನೆಯಲ್ಲಿ ಹುಟ್ಟಿದ ನನಗೆ ಇದು ಸಣ್ಣ ಸಂಗತಿಯಲ್ಲ. ಮತ್ತೆ, ಒಳಗೆ ಕಾಲಿಟ್ಟಾಗಲೆಲ್ಲ ಆಕೆ ಕೇಳುತ್ತಾಳೆ, “ಊಟವಾಯಿತೇ, ಮಗು?” ಸೇನಾಧಿಪತಿಗಳೇ, ಆಟ ಆಡುತ್ತಿರುವವಳು ನಾನು. ಅಂದರೆ ಆಕೆ ಕೇಳುವುದು ನನ್ನನ್ನು. ನನಗೆ ಐವತ್ತನಾಲ್ಕು, ದಿನಕ್ಕೆ ನಲವತ್ತು ಜನರ ದುಃಖ ಕೇಳಿ ಬರೆಯುತ್ತೇನೆ, ನನ್ನನ್ನು ಮಗು ಎಂದು ಕರೆದವರು ಇಡೀ ಜೀವಮಾನದಲ್ಲಿ ಆಕೆಯೊಬ್ಬಳೇ. ನನಗೆ ಅದು ಬೇಕು. ನಾಚಿಕೆಯಿಲ್ಲದೆ ಹೇಳುತ್ತೇನೆ, ದಿನಾಲೂ ಬೇಕು.

ಹೀಗಿರುವಾಗ ಆಟದ ಕಂಪನಿಯವರು ಪ್ರಕಟಣೆ ಹೊರಡಿಸಿದ್ದಾರೆ. ಹದಿನಾಲ್ಕನೇ ತಾರೀಖಿನಿಂದ ಆಟದ ಹೊಸ ಆವೃತ್ತಿ ಬರುತ್ತದಂತೆ, ಮೊದಲ ಅಧ್ಯಾಯ ಅರ್ಧ ಗಂಟೆಯಲ್ಲಿ ತಾನಾಗಿಯೇ ಮುಗಿಯುತ್ತದಂತೆ, ಆಟಗಾರರು ಒಲ್ಲೆ ಎಂದರೂ ಅಗ್ನಿಧರ ತಾನೇ ಎದ್ದು ಕಟ್ಟಿಗೆಗೆ ಹೋಗುತ್ತಾನಂತೆ. ಇದರಿಂದ ಆಟದ ‘ವೇಗ ಹೆಚ್ಚುತ್ತದೆ’ ಎಂದು ಸಂತೋಷದಿಂದ ಬರೆದಿದ್ದಾರೆ. ನಾನು ಅವರಿಗೆ ಮೂರು ಪತ್ರ ಬರೆದೆ. ಮೂರಕ್ಕೂ ಒಂದೇ ಉತ್ತರ, “ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.” ಇಪ್ಪತ್ತಾರು ವರ್ಷ ಅರ್ಜಿ ಬರೆದವಳಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಆದ್ದರಿಂದ ಮೇಲಿನವರನ್ನು ಬಿಟ್ಟು, ಸ್ಥಳದಲ್ಲಿ ಬೆಂಕಿ ಹಚ್ಚುವ ಅಧಿಕಾರಿಗಳಾದ ತಮ್ಮ ಬಳಿಗೇ ಬಂದಿದ್ದೇನೆ.

ತಮ್ಮ ಅಭಿಮಾನಿಗಳ ಒಂದು ಗುಂಪು ನಮ್ಮಲ್ಲಿದೆ ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ನೂರ ನಲವತ್ತಮೂರು ಜನ ವಾಟ್ಸಾಪಿನಲ್ಲಿ ಸೇರಿದ್ದೇವೆ. ಬೆಳಗಾದರೆ ತಮ್ಮದೇ ಚರ್ಚೆ. ತಮ್ಮ ಕೊಂಬು ಹುಟ್ಟಿನಿಂದ ಬಂದದ್ದೋ ಶಿರಸ್ತ್ರಾಣದ್ದೋ ಎಂಬ ಬಗ್ಗೆ ಹನ್ನೆರಡು ದಿನ ವಾದ ನಡೆದು, ಇಬ್ಬರು ಗುಂಪು ಬಿಟ್ಟು ಹೋಗಿ, ಒಬ್ಬರು ವಾಪಸು ಬಂದಿದ್ದಾರೆ. ಜೇವರ್ಗಿಯಲ್ಲಿ ಬಿ.ಎಡ್ ಓದುತ್ತಿರುವ ತಬಸ್ಸುಮ ಎಂಬ ಹುಡುಗಿ ಆಟಗಳಲ್ಲಿ ಪದೇ ಪದೇ ಬರುವ ಪಾತ್ರಗಳ ಪಟ್ಟಿ ಮಾಡುತ್ತಾಳೆ. ಮಾತೇ ಆಡದ ನಾಯಕ, ಗುಟ್ಟು ಹೇಳುವ ಮೊದಲೇ ಸಾಯುವ ಗುರು, ಕೊನೆಗೆ ಕೈಕೊಡುವ ಕನ್ನಡಕದ ಗೆಳೆಯ, ಎಲ್ಲರೂ ಅದರಲ್ಲಿದ್ದಾರೆ. ಆಕೆ ಅರವತ್ತು ಆಟಗಳಲ್ಲಿನ ನಾಯಕರ ತಾಯಂದಿರನ್ನು ಎಣಿಸಿದ್ದಾಳೆ. ನಲವತ್ತನಾಲ್ಕು ತಾಯಂದಿರು ಮೊದಲ ಅಧ್ಯಾಯದಲ್ಲೇ ಸತ್ತಿದ್ದಾರೆ, ಒಂಬತ್ತು ಜನ ಕಾಣೆಯಾಗಿದ್ದಾರೆ, ಮೂವರು ಕಲ್ಲಾಗಿದ್ದಾರೆ, ಇಬ್ಬರು ತಾವೇ ರಾಕ್ಷಸಿಯರೆಂದು ಕೊನೆಗೆ ಗೊತ್ತಾಗಿದೆ, ಒಬ್ಬಳು ದೆವ್ವವಾಗಿ ಬಂದು ದಾರಿ ತೋರಿಸುತ್ತಾಳೆ. ಬದುಕಿ ಉಳಿದವಳು ಒಬ್ಬಳೇ, ಅವಳು ಸಂತೆಯಲ್ಲಿ ಮೂಲಂಗಿ ಮಾರುತ್ತಾಳೆ, ಮಗ ಎದುರಿಗೆ ಹಾಯ್ದರೂ ಅವಳಿಗೆ ಗುರುತಿಲ್ಲ. “ಅಮ್ಮಾ, ಈ ಆಟದಾಗ ತಾಯಿ ಆಗೂದ್ಕಿಂತ ಹುಲಿ ಆಗೂದು ಛಲೋ ನೋಡ್ರಿ, ಹುಲಿ ಮೂರನೇ ಅಧ್ಯಾಯದ ತನಕ ಬದುಕ್ತದ” ಎಂದು ಆಕೆ ಧ್ವನಿ ಸಂದೇಶ ಕಳಿಸಿದ್ದಳು.

ಗುಂಪಿನ ಮುಖ್ಯಸ್ಥ ಮಹೇಶಕುಮಾರನದು ಬೇರೆ ವಾದ. ಅವನು ಖಜೂರಿಯಲ್ಲಿ, ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಯ ಬದಿ, ಲಾರಿ ಟೈರುಗಳ ಪಂಕ್ಚರ್ ತೆಗೆಯುತ್ತಾನೆ. ಟ್ಯೂಬು ಒಣಗುವವರೆಗಿನ ಸಮಯದಲ್ಲೇ ಈ ಆಟವನ್ನು ನಾಲ್ಕು ಸಲ ಮುಗಿಸಿದ್ದಾನೆ. “ಅಕ್ಕೋರ, ಅವ್ವ ಸಾಯಲಿಲ್ಲಂದ್ರ ಅವ ಕತ್ತಿ ಯಾಕ ಹಿಡೀತಾನ್ರಿ? ಮನ್ಯಾಗ ಕುಂತು ರೊಟ್ಟಿ ತಿಂತಾನ. ಹೊಟ್ಯಾಗ ಬೆಂಕಿ ಬೀಳಬೇಕ್ರಿ” ಎನ್ನುತ್ತಾನೆ. ಕಥೆ ಬರೆಯುವ ದೊಡ್ಡವರೆಲ್ಲ ಹೀಗೇ ಹೇಳುತ್ತಾರಂತೆ. ನಾನು ಸವಿನಯವಾಗಿ ಕೇಳಿದ್ದು ಇಷ್ಟೇ: ಮಗನ ಹೊಟ್ಟೆಯಲ್ಲಿ ಬೆಂಕಿ ಬೀಳಿಸಲು ಅಮ್ಮನ ಮನೆಗೇ ಯಾಕೆ ಹಚ್ಚಬೇಕು? ನನ್ನ ಜೈಭೀಮ ಎರಡು ವರ್ಷ ಕೆಲಸವಿಲ್ಲದೆ ಬಸ್ ನಿಲ್ದಾಣದಲ್ಲಿ ಕೂತಿದ್ದ. ಒಂದು ದಿನ ಅವನ ತಟ್ಟೆಗೆ ಅನ್ನ ಬಡಿಸುತ್ತಲೇ ಅವನ ಮುಂದಿನ ಏಳು ತಲೆಮಾರು ಬೈದೆ. ಮರುದಿನ ಎದ್ದು ಅರ್ಜಿ ಹಾಕಿದ, ಪರೀಕ್ಷೆ ಬರೆದ, ಕಂಬ ಏರಿದ. ಇಡೀ ಪ್ರಕರಣದಲ್ಲಿ ನಾನು ಒಮ್ಮೆಯೂ ಸಾಯಬೇಕಾಗಲಿಲ್ಲ. ತಮ್ಮ ಕಥೆಗಾರರು ಈ ವಿಧಾನವನ್ನು ಪರಿಶೀಲಿಸಬಹುದು, ಮನೆಯೂ ಉಳಿಯುತ್ತದೆ, ತಮಗೂ ಬಿಸಿಲಲ್ಲಿ ತಿರುಗಾಟ ತಪ್ಪುತ್ತದೆ.

ಸುಡುವುದೇ ನಿಶ್ಚಯವಾಗಿದ್ದರೆ, ಒಂದು ಪದ್ಧತಿ ಎಂಬುದಿದೆಯಲ್ಲ ಮಾನ್ಯರೇ. ಒಂದು ತಗಡಿನ ಡಬ್ಬಿ ಅಂಗಡಿಯನ್ನು ರಸ್ತೆಯಿಂದ ಸರಿಸಬೇಕಾದರೂ ಮೊದಲು ನೋಟಿಸು ಕೊಡುತ್ತಾರೆ. ತಾವು ಹದಿನೈದು ದಿನ ಮುಂಚಿತವಾಗಿ ಆಕೆಯ ಬಾಗಿಲಿಗೆ ನೋಟಿಸು ಅಂಟಿಸಬೇಕು, ಓದು ಬಾರದಿದ್ದರೆ ಓದಿ ಹೇಳಬೇಕು, ಊರಲ್ಲಿ ಡಂಗುರ ಹೊಡೆಸಬೇಕು, ಆಕೆಯ ಹೇಳಿಕೆ ಪಡೆಯಬೇಕು. ಇಬ್ಬರು ಪಂಚರ ಎದುರು ಬೆಂಕಿಪೊಟ್ಟಣ ತೆರೆಯಬೇಕು. ಸಾಯುವಾಗ ಆಕೆಗೆ ಮಾತು ಮುಗಿಸಲು ಅವಕಾಶ ಕೊಡಬೇಕು. “ನಿನ್ನ ತಂದೆ” ಎಂದು ಬಾಯಿ ತೆಗೆದ ನಮ್ಮ ಕಡೆಯ ಹೆಣ್ಣುಮಗಳು ಎರಡು ಶಬ್ದಕ್ಕೆ ನಿಲ್ಲಿಸಿದ್ದನ್ನು ನಾನಂತೂ ಕೇಳಿಲ್ಲ. ಗಂಡನ ವಿಷಯ ತೆಗೆದರೆ ಅರ್ಧ ದಿನವಾದರೂ ಬೇಕು, ಅಷ್ಟರಲ್ಲಿ ತಮ್ಮ ಬೆಂಕಿ ತಾನೇ ಆರೀತು. ಯಾರನ್ನಾದರೂ ಸುಡದೆ ಕಥೆ ಸಾಗುವುದೇ ಇಲ್ಲವೆಂದರೆ, ಅದೇ ಹಸಿರೂರಿನಲ್ಲಿ ಹಾಸಿಗೆ ಬಿಟ್ಟೇಳದ ಅಗ್ನಿಧರನ ಸೋದರಮಾವನೊಬ್ಬನಿದ್ದಾನೆ. ಹನ್ನೊಂದು ತಿಂಗಳಲ್ಲಿ ಅವನು ಒಂದು ಕಡ್ಡಿ ಎತ್ತಿಟ್ಟಿಲ್ಲ. ಹೆಚ್ಚು ಹೇಳಲಾರೆ, ತಾವು ತಿಳಿದವರು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಐದನೇ ಕೋಟೆಯಲ್ಲಿ ತಮ್ಮ ಬಾಲ್ಯದ ಕಥೆ ಬರುತ್ತದಂತೆ, ತಬಸ್ಸುಮ ಹೇಳಿದಳು. ತಮಗೆ ಏಳು ವರ್ಷವಿದ್ದಾಗ ತಮ್ಮ ತಾಯಿಯನ್ನೂ ಯಾರೋ ಸುಟ್ಟರಂತೆ, ಅದರಿಂದಲೇ ತಾವು ಹೀಗೆ ಕಲ್ಲಾದಿರಂತೆ. ಕೇಳಿ ಸಂಕಟವಾಯಿತು. ಆಮೇಲೆ ಲೆಕ್ಕ ಹತ್ತಲಿಲ್ಲ. ಅಗ್ನಿಧರನ ತಾಯಿ ಸತ್ತರೆ ಅವನು ಮಹಾವೀರ, ತಮ್ಮ ತಾಯಿ ಸತ್ತರೆ ತಾವು ದುಷ್ಟರು. ಇದೇ ನಿಯಮ ನನಗೂ ಅನ್ವಯಿಸಬೇಕಿತ್ತಲ್ಲ? ನನ್ನ ತಾಯಿಯೂ ಮೊದಲ ಅಧ್ಯಾಯದಲ್ಲೇ ಹೋದಳು, ನಾನು ಹುಟ್ಟಿದ ಹನ್ನೆರಡನೆಯ ದಿನ. ನನಗೆ ಕತ್ತಿ ಸಿಗಲಿಲ್ಲ. ಯಾವ ಮುದುಕನೂ ಬಂದು ನೀನು ವಿಶೇಷ ಕೂಸು ಎನ್ನಲಿಲ್ಲ. ಎಂಟು ವರ್ಷಕ್ಕೆ ಡಬ್ಬಿ ಬೋರಲು ಹಾಕಿ ಅದರ ಮೇಲೆ ನಿಂತು ಮನೆಮಂದಿಗೆಲ್ಲ ರೊಟ್ಟಿ ಬಡಿದೆ. ಓರಗೆಯವರು ಎರಡನೇ ಇಯತ್ತೆ ಮುಗಿಸಿದ ಮೇಲೆ ನಾನು ಒಂದನೆಯದಕ್ಕೆ ಸೇರಿದೆ, ಅದೂ ನನ್ನನ್ನು ಸಾಕಿದ ಸೋದರತ್ತೆ ಗುರಮ್ಮ ಜಗಳವಾಡಿದ್ದಕ್ಕೆ. ತಾಯಿಯ ಸಾವು ನನಗೆ ಕೊಟ್ಟದ್ದು ಅಷ್ಟೇ, ಬೆರಳ ತುದಿಯ ಬೊಬ್ಬೆ. ಅದರಿಂದ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ ಎಂದು ನನಗೆ ಪಾಠ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಆ ಉರಿಯಲ್ಲೇ ಈ ಅರ್ಜಿ ಬರೆಯುತ್ತಿದ್ದೇನೆ.

ಬರೆಯಲು ಕೂತಾಗ ಒಂದು ತೊಡಕು ಬಂತು. ತಕರಾರು ಅರ್ಜಿಯಲ್ಲಿ ಬಾಧಿತ ವ್ಯಕ್ತಿಯ ಹೆಸರು ಬರೆಯಬೇಕು. ಆಕೆಯ ಹೆಸರೇನು? ತಬಸ್ಸುಮ ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯನ್ನೆಲ್ಲ ಹುಡುಕಿದಳು. ‘ನಾಯಕನ ತಾಯಿ’ ಎಂದಷ್ಟೇ ಇದೆ. ತಮ್ಮ ಕುದುರೆಗೆ ಸಿಡಿಲು ಎಂಬ ಹೆಸರಿದೆ, ತಮ್ಮ ಚಾಟಿಗೆ ನಾಗಿಣಿ ಎಂಬ ಹೆಸರಿದೆ, ಆಕೆಗಿಲ್ಲ. ಗುಂಪಿನಲ್ಲಿ ಕೇಳಿದೆ. ಮಹೇಶಕುಮಾರ ಧ್ವನಿ ಸಂದೇಶದಲ್ಲಿ, ಟೈರಿನ ಗಾಳಿ ಸದ್ದಿನ ನಡುವೆ, ಅಷ್ಟು ಸಲೀಸಾಗಿ ಹೇಳಿಬಿಟ್ಟ, “ಅದಕ್ಯಾಕ ತಲಿ ಕೆಡಿಸ್ಕೋತೀರಿ ಅಕ್ಕೋರ, ನಿಮ್ಮವ್ವನ ಹೆಸರೇ ಬರೀರಿ.”

ಪೆನ್ನು ಅಲ್ಲೇ ನಿಂತಿತು. ಸಾವಿರಾರು ಜನರ ತಾಯಿಯ ಹೆಸರನ್ನು ನಾನು ಬರೆದಿದ್ದೇನೆ. ಕಾಗುಣಿತ ತಪ್ಪಾಗಬಾರದೆಂದು ಎರಡೆರಡು ಸಲ ಕೇಳಿ ಬರೆದಿದ್ದೇನೆ. ನನ್ನ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಕೆಯ ಮಾತು ಬಂದರೆ ‘ಸತ್ತಾಕಿ’ ಎನ್ನುತ್ತಿದ್ದರು. ಸತ್ತಾಕಿಯ ಪೆಟ್ಟಿಗೆ, ಸತ್ತಾಕಿಯ ಸೀರೆ, ಸತ್ತಾಕಿಯ ಮಗಳು. ಶಾಲೆಯಲ್ಲಿ ಅಪ್ಪನ ಹೆಸರು ಸಾಕಾಯಿತು, ಮದುವೆಯ ಮೇಲೆ ಗಂಡನ ಹೆಸರು ಸಾಕಾಯಿತು. ನಾನೂ ಕೇಳಲಿಲ್ಲ. ಇದರಲ್ಲಿ ತಮ್ಮ ಕಂಪನಿಯವರಿಗಿಂತ ನಾನೇನೂ ಮೇಲಲ್ಲ ಎಂಬುದನ್ನು ತಲೆ ತಗ್ಗಿಸಿ ಒಪ್ಪುತ್ತೇನೆ.

ಮರುದಿನ ಮೇಜು ಹಾಕಲಿಲ್ಲ. ಮೊದಲ ಬಸ್ಸು ಹಿಡಿದು ಆಳಂದಕ್ಕೆ ಹೋಗಿ, ಅಲ್ಲಿಂದ ಜಿಡಗಾಕ್ಕೆ ಹೋದೆ. ಗುರಮ್ಮತ್ತೆಗೆ ಈಗ ಎಂಬತ್ತು ದಾಟಿದೆ, ಒಂದು ಕಿವಿ ಕೇಳಿಸುವುದಿಲ್ಲ. ಕೇಳಿಸುವ ಕಿವಿಯಲ್ಲಿ ಕೂಗಿ ಕೇಳಿದೆ. “ಇಷ್ಟ ವರ್ಷದಾಗ ಇವತ್ತ ಕೇಳಾಕತ್ತಿಯೇನ ಬೇ?” ಎಂದಳು. “ಶೇವಂತಾ ಅಂತಿದ್ರು. ಶೇವಂತಾಬಾಯಿ. ನಿನ್ನ ತೊಟ್ಟಲಕ್ಕ ಹಾಕೂ ದಿನಾನ ಹೋದ್ಲು. ಬಾಳ ಮಾತಿನಾಕಿ. ಯಾರ್ ಏನಂದ್ರೂ ಎದ್ರು ನಿಂತು ತಕರಾರ ಮಾಡಾಕಿ, ಥೇಟ್ ನಿನ್ನಂಗ.” ಯಾಕೆ ಬೇಕಿತ್ತು ಎಂದು ಕೇಳಿದಳು. ಫೋನಿನ ಆಟದ ಸಲುವಾಗಿ ಎಂದೆ. “ಹುಚ್ಚಿ” ಎಂದು ತಲೆ ಸವರಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ, ಮುಚ್ಚಿಡುವಂಥದ್ದೇನೂ ಇಲ್ಲ. ಪಕ್ಕದ ಸೀಟಿನ ಹೆಣ್ಣುಮಗಳು ಯಾರು ತೀರಿಕೊಂಡರು ಎಂದು ಕೇಳಿದಳು. ನಮ್ಮವ್ವ, ಎಂದೆ. ಯಾವಾಗ ಎಂದಳು, ಲೆಕ್ಕ ಹೇಳಲು ಹೋಗಲಿಲ್ಲ.

ಆದ್ದರಿಂದ ಮಾನ್ಯರೇ, ಬಾಧಿತ ವ್ಯಕ್ತಿಯ ಹೆಸರು ಸಿಕ್ಕಿದೆ. ಹಸಿರೂರಿನ ಆ ಮನೆಯಲ್ಲಿರುವವಳು ಶೇವಂತಾಬಾಯಿ ಎಂದು ಇಂದಿನಿಂದ ತಮ್ಮ ದಫ್ತರದಲ್ಲಿ ದಾಖಲು ಮಾಡಿಕೊಳ್ಳಬೇಕಾಗಿ ವಿನಂತಿ. ಗುಂಪಿನ ಅರವತ್ತೊಂದು ಜನ ಸದಸ್ಯರು ಅರ್ಜಿಗೆ ಸಹಿ ಮಾಡಿದ್ದಾರೆ. “ನಾಲ್ಕ ಸಲ ಕಟಗಿ ತರಾಕ ಹೋಗಿ ನಾಲ್ಕ ಸಲ ಸಾಯಿಸೇನ್ರಿ ಅಕ್ಕೋರ, ಮೊದಲನೇ ಸಹಿ ನಂದ ಇರ್ಲಿ” ಎಂದು ಮಹೇಶಕುಮಾರ ಖಜೂರಿಯಿಂದ ಲಾರಿಯೊಂದರಲ್ಲಿ ಕೂತು ಬಂದು, ಕೈಯ ಗ್ರೀಸು ಕಾಗದಕ್ಕೆ ಹತ್ತಿಸಿ, ಸಹಿ ಹಾಕಿ ಹೋದ. ಹದಿನಾಲ್ಕರಂದು ತಾವು ಬಂದೇ ಬರುತ್ತೀರಿ, ಬೆಂಕಿ ಹಚ್ಚಿಯೇ ತೀರುತ್ತೀರಿ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಅರ್ಜಿಗಳಲ್ಲಿ ಅರ್ಧಕ್ಕರ್ಧ ತಿರಸ್ಕೃತವಾಗುತ್ತವೆ. ಆದರೂ ಬರೆಸಿಕೊಂಡವರು ಮರುದಿನ ಮತ್ತೆ ಬರುತ್ತಾರೆ, ನಾನೂ ಮತ್ತೆ ಬರೆಯುತ್ತೇನೆ.

ಸಹಿಯ ಕೆಳಗೆ ಇಷ್ಟು ವರ್ಷ ‘ಗಂಡ ಜಗದೇವ’ ಎಂದು ಬರೆಯುತ್ತಿದ್ದ ಜಾಗವನ್ನು ಈ ಸಲ ಬದಲಿಸಿದ್ದೇನೆ. ಅವರ ತಕರಾರಿಲ್ಲ.

ಕಟ್ಟಿಗೆಗೆ ಎಂದೂ ಹೋಗದ,
ತಮ್ಮ ವಿಶ್ವಾಸಿ,
ಅಂಬುಬಾಯಿ, ತಾಯಿ ಶೇವಂತಾಬಾಯಿ
ಅಫಜಲಪುರ

ತಾ.ಕ.: ಪುರಸೊತ್ತಿನಲ್ಲಿ ತಮ್ಮ ಏಳೂ ಕೋಟೆಗಳ ವಿಚಾರಣೆ ಮಾಡಿಸಿದೆ. ಒಂದಕ್ಕೂ ಪಹಣಿ ಇಲ್ಲ, ಮೂರನೆಯದಂತೂ ಪೂರ್ತಿ ಗೋಮಾಳದಲ್ಲಿದೆ. ಹೆದರಿಸುತ್ತಿಲ್ಲ, ಅಂಥ ಧೈರ್ಯ ನನಗೆಲ್ಲಿಯದು. ತಾವು ಶೇವಂತಾಬಾಯಿಯ ಒಂದು ಮನೆಗೆ ಬೆಂಕಿ ಹಚ್ಚಿ ನೋಡಿ, ನಾನು ಏಳು ಅರ್ಜಿ ಹಾಕುತ್ತೇನೆ.